ಪವರ್ ಆಮೇಲೆ, ಮೊದಲು ಆಯಿಲ್: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಇಂಜಿನ್ ಹೋಗಿ ನಿಂತಿದ್ದ ನನ್ನ ಹೋಂಡಾ ಸಿಟಿ ವಿಟೆಕ್ ಕಾರು ಮತ್ತೆ ರಸ್ತೆಗೆ ಇಳಿಯಿತು ಮಾರಾಯ. ಫೋನಿನಲ್ಲಿ ಹೇಳಿದರೆ ಅರ್ಧವೂ ಮುಗಿಯುವುದಿಲ್ಲ, ಅದಕ್ಕೇ ಪತ್ರ. ನೀನೂ ಈಗ ಅದೇ ಹಳೇ ಸಿಟಿ ವಿಟೆಕ್ ತಗೊಂಡಿದ್ದೀಯ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಒಯ್ಯಬೇಕು ಅಂತಿದ್ದೀಯ. ಉದ್ದ ಆದರೂ ಪೂರ್ತಿ ಓದು. ಈ ಕಾರು ಇಟ್ಟುಕೊಂಡ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣುವ ಹಾಗೆಯೇ ಹಾಕುತ್ತಿದ್ದೇನೆ.

ಈ ಕಾರಿನ ಮೇಲೆ ನಮಗೆ ಯಾಕಿಷ್ಟು ಪ್ರೀತಿ ಅಂತ ನಿನಗೆ ಹೇಳಬೇಕಿಲ್ಲ. 2000ದಲ್ಲಿ ಬಂದಾಗ 1.5 ಲೀಟರ್ ಇಂಜಿನ್ನಿಗೆ 106 ಎಚ್‌ಪಿ. 2003ರಲ್ಲಿ ಇದರ ಜಾಗಕ್ಕೆ ಬಂದ ಹೊಸ ಸಿಟಿಯ 1.5 ಇಂಜಿನ್ನಿಗೆ 77 ಎಚ್‌ಪಿ ಮಾತ್ರ. ಮೈಲೇಜ್ ಚೆನ್ನಾಗಿತ್ತು, ನಿಜ. ಆದರೆ ಐದು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಹತ್ತಿರ ವಿಟೆಕ್ ಶುರುವಾಗಿ, ಸದ್ದೇ ಬದಲಾಗಿ ಕಾರು ಮುಂದಕ್ಕೆ ಹಾರುತ್ತದಲ್ಲ, ಅದು ಹೋಯಿತು.

ಇಂಜಿನ್ ಹೋಗಿದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ. ಅಲ್ಲಿ ಒಂದು ಸುತ್ತು 3.7 ಕಿಲೋಮೀಟರ್. ಬಿಡದೆ ತಿರುಗುವ ಉದ್ದನೆಯ ತಿರುವುಗಳಿವೆ, ಅದೂ ಇಂಜಿನ್ ಮೇಲಿನ ಆರ್‌ಪಿಎಂನಲ್ಲಿ ಕೂಗುತ್ತಿರುವಾಗ. ಆ ದಿನ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಆಯಿಲ್ ಹೊಸದು, ಫಿಲ್ಟರ್ ಹೊಸದು. ಆದರೂ ಒಂದು ತಿರುವಿನಿಂದ ಹೊರಗೆ ಬಂದ ಕೂಡಲೇ ಕೆಳಗಿನಿಂದ ಟಕ ಟಕ ಶುರುವಾಯಿತು. ಆಕ್ಸಿಲರೇಟರ್ ಬಿಟ್ಟರೆ ಕಡಿಮೆ, ಒತ್ತಿದರೆ ಜಾಸ್ತಿ. ಅಲ್ಲೇ ಇಂಜಿನ್ ಆಫ್ ಮಾಡಿದೆ. ಹಾಗೆ ಮಾಡಿದ್ದರಿಂದಲೇ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಭಾಗ) ಉಳಿಯಿತು. ಇನ್ನರ್ಧ ಸುತ್ತು ಓಡಿಸಿದ್ದರೆ, ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಬ್ಲಾಕಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತಿತ್ತು.

ಗ್ಯಾರೇಜಿನಲ್ಲಿ ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಇಳಿಸಿದಾಗ ತಳದಲ್ಲಿ ಮಿನುಗುವ ಪುಡಿ. ಮೂರನೇ ಸಿಲಿಂಡರಿನ ರಾಡ್ ಬೇರಿಂಗ್ ತನ್ನ ಜಾಗದಲ್ಲೇ ತಿರುಗಿಬಿಟ್ಟಿತ್ತು. ಬೇರಿಂಗಿನ ಅರ್ಧ ಬಳೆಯಂಥ ಶೆಲ್ಲಿನ ಮೇಲಿನ ಬೂದು ಪದರ ಪೂರ್ತಿ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕಿನಲ್ಲಿ ಆ ರಾಡ್ ಕೂರುವ ಜರ್ನಲ್ ಮೇಲೆ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು.

ಕಾರಣ ಸರಳ. ಅಗಲವಾದ ಪಾತ್ರೆಯಲ್ಲಿ ಸಾರು ಹಿಡಿದುಕೊಂಡು ಘಾಟಿಯ ಬಸ್ಸಿನಲ್ಲಿ ಕೂತರೆ ಏನಾಗುತ್ತದೋ ಚೇಂಬರಿನಲ್ಲೂ ಅದೇ ಆಗುತ್ತದೆ. ಉದ್ದ ತಿರುವಿನಲ್ಲಿ ಆಯಿಲ್ ಎಲ್ಲಾ ಒಂದು ಬದಿಗೆ ಸರಿದು, ಪಂಪಿನ ಬಾಯಿ ಗಾಳಿ ಎಳೆದುಕೊಳ್ಳುತ್ತದೆ. ಜರ್ನಲ್ಲಿಗೂ ಶೆಲ್ಲಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ, ಹೆಚ್ಚೆಂದರೆ ಐದು. ಅಲ್ಲಿರುವ ಆಯಿಲ್ ಪದರ ಒಂದು ಕ್ಷಣ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ತಾಗಿ, ಕೊನೆಗೆ ಒಂದು ಸಲ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡ ರಘು. ಪ್ರೆಷರ್ ಬಹುತೇಕ ಸೊನ್ನೆಗೆ ಬಂದ ಮೇಲೆ ಹತ್ತುವ ದೀಪ ಅದು. ನಾಲ್ಕೈದು ಸಾವಿರ ಆರ್‌ಪಿಎಂನಲ್ಲಿ ಅದು ಹತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಇಂಜಿನ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಾಗ ನೀನು ಹೇಳಿದ್ದೆಯಲ್ಲ, "ಹೇಗೂ ಹೊರಗೆ ಬಂದಿದೆ, ಹೋಂಡಾದ ದೊಡ್ಡ 1.8 ಇಂಜಿನ್ ಬಿ18 ಹಾಕಿಬಿಡು, ಇಲ್ಲಾ ಟರ್ಬೋ ಹಾಕು" ಅಂತ. ತುಂಬ ಯೋಚನೆ ಮಾಡಿದೆ. ಬೇಡ ಅಂತಲೇ ತೀರ್ಮಾನಿಸಿದೆ. ಒಂದು ಕಾರಣ ಕಾನೂನು. ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಮೀರಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಜಿನ್ ಬದಲಿಸಬೇಕಾದರೆ ಆರ್‌ಟಿಓ ಅನುಮತಿ ಬೇಕು, ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು, ಇನ್ಶೂರೆನ್ಸಿಗೂ ತಿಳಿಸಬೇಕು. ನನ್ನ ಬ್ಲಾಕ್ ಚೆನ್ನಾಗಿಯೇ ಇತ್ತು, ಅದರ ಮೇಲಿನ ನಂಬರೂ ಅದೇ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಈ ಇಂಜಿನ್ ಸತ್ತಿದ್ದು ಪವರ್ ಕಡಿಮೆ ಇತ್ತು ಅಂತ ಅಲ್ಲ. ಆಯಿಲ್ ತೊಂದರೆಯನ್ನು ಹಾಗೇ ಬಿಟ್ಟು ಪವರ್ ಜಾಸ್ತಿ ಮಾಡಿದರೆ ಅದೇ ತಿರುವಿಗೆ ಇನ್ನೂ ವೇಗವಾಗಿ ಹೋಗುತ್ತೇನೆ, ಅಷ್ಟೇ. ಆಯಿಲ್ ಇನ್ನೂ ಜೋರಾಗಿ ಬದಿಗೆ ಸರಿಯುತ್ತದೆ.

ಹಾಗಾಗಿ ಹಳೇ ಬ್ಲಾಕನ್ನೇ ಉಳಿಸಿದೆ. ಗೀರು ಹೋಗುವಂತೆ ಕ್ರ್ಯಾಂಕನ್ನು ಉಜ್ಜಿ ಸಣ್ಣ ಮಾಡುವ ಗ್ರೈಂಡಿಂಗ್ ಮಾಡಿಸೋಣ ಅಂತ ಹಲವರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಹೋಂಡಾ ಶೆಲ್ಲುಗಳು ಸ್ಟ್ಯಾಂಡರ್ಡ್ ಅಳತೆಯ ಕ್ರ್ಯಾಂಕಿಗೆ ಹೊಂದುವಂತೆ ಬಣ್ಣದ ಲೆಕ್ಕದಲ್ಲಿ ಬರುತ್ತವೆ. ಕ್ರ್ಯಾಂಕ್ ಮೇಲೆ ಒಂದು ಅಕ್ಷರ, ರಾಡ್ ಮೇಲೆ ಒಂದು ಅಂಕಿ ಕೊರೆದಿರುತ್ತದೆ. ಎರಡನ್ನೂ ಪಟ್ಟಿಯಲ್ಲಿ ನೋಡಿದರೆ ಕಂದು, ಹಸಿರು, ಹಳದಿ ಅಂತ ಯಾವ ಬಣ್ಣದ ಶೆಲ್ ಬೇಕು ಅನ್ನೋದು ಗೊತ್ತಾಗುತ್ತದೆ. ಶೆಲ್ಲಿನ ಅಂಚಿನಲ್ಲಿ ಸಾಸಿವೆಯಷ್ಟು ಬಣ್ಣದ ಚುಕ್ಕೆ, ಅಷ್ಟೇ ಗುರುತು. ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಸಾಕಾಗಿ, ಕೊನೆಗೆ ಚೆನ್ನೈನ ಪುದುಪೇಟೆಯಲ್ಲಿ ಒಳ್ಳೆಯ ಕ್ರ್ಯಾಂಕ್ ಸಿಕ್ಕಿತು. ಜೊತೆಗೆ ಒಂದು ರಾಡ್. ನಾಲ್ಕೂ ರಾಡುಗಳಿಗೆ ಹೊಸ ಬೋಲ್ಟ್ ಹಾಕಿಸಿದೆ.

ಲೇತ್ ಅಂಗಡಿಯ ಯಜಮಾನರ ಕೆಲಸವನ್ನು ನೀನು ನೋಡಬೇಕಿತ್ತು. ಬೋರ್ ಗೇಜನ್ನು ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದು ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೇ ಬರೆಯುತ್ತಿದ್ದರು. 75 ಎಂಎಂ ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಮೇಲ್ಗಡೆ ಸವೆದಿತ್ತು. 0.25 ಎಂಎಂ ಓವರ್‌ಸೈಜ್ ಪಿಸ್ಟನ್ ತರಿಸಿದ್ದೆ. ನಾಲ್ಕೂ ಪಿಸ್ಟನ್ ಕೈಗೆ ಸಿಗುವವರೆಗೂ ಅವರು ಬೋರಿಂಗ್ ಶುರು ಮಾಡಲೇ ಇಲ್ಲ. ಪ್ರತಿ ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಅದರದೇ ಸಿಲಿಂಡರ್ ಕೊರೆದರು. ಹೋನಿಂಗ್ (ಸಿಲಿಂಡರಿನ ಗೋಡೆಯನ್ನು ನಯವಾಗಿ ಉಜ್ಜುವುದು) ಮಾಡುವಾಗ, ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೂತಾಗ ಬೀಳುವ ಬಿಗಿ ಇರಲಿ ಅಂತ ದಪ್ಪ ಪ್ಲೇಟ್ ಬಿಗಿದಿದ್ದರು. ಕೊನೆಗೆ ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳು ಎಷ್ಟು ಸಮನಾಗಿ ಬಂದಿದ್ದವು ಗೊತ್ತಾ! ಇಂಥ ಕೈಗಳು ಬೆಂಗಳೂರಿನಲ್ಲಿ ಇನ್ನೂ ಇವೆ ಅನ್ನೋದೇ ನನಗೆ ದೊಡ್ಡ ಸಂತೋಷ.

ಇನ್ನೊಂದು ವಿಷಯವನ್ನು ತುಂಬ ಜನ ಮರೆಯುತ್ತಾರೆ. ಬೇರಿಂಗ್ ಹೋದ ಇಂಜಿನ್ನಿನಲ್ಲಿ ಪುಡಿ ಎಲ್ಲೆಲ್ಲೂ ಹೋಗಿರುತ್ತದೆ. ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ಕಿತ್ತು, ಬ್ರಷ್ ಹಾಕಿ ತೊಳೆಸಿದೆ. ಆಯಿಲ್ ಪಂಪ್ ಹೊಸದು ಹಾಕಿದೆ. ವಿಟೆಕ್‌ಗೆ ಆಯಿಲ್ ಬಿಡುವ ಸೊಲೆನಾಯ್ಡ್ ಕೆಳಗೆ ಸಣ್ಣ ಜಾಲರಿ ಇರುತ್ತದೆ, ಅದನ್ನು ಮರೆಯದೆ ನೋಡು. ನನ್ನದರಲ್ಲಿ ಅರ್ಧ ಜಾಲರಿ ಪುಡಿಯಿಂದ ಮುಚ್ಚಿತ್ತು. ನಮ್ಮ ವಿಟೆಕ್ ಕೆಲಸ ಮಾಡುವುದೇ ಆಯಿಲ್ ಪ್ರೆಷರಿನಿಂದ ಅಲ್ವಾ? ವಾಲ್ವ್ ಒತ್ತುವ ರಾಕರ್‌ಗಳ ಒಳಗಿನ ಪಿನ್ನನ್ನು ತಳ್ಳಿ, ವಾಲ್ವ್ ಹೆಚ್ಚು ತೆರೆಸುವ ದೊಡ್ಡ ಕ್ಯಾಮಿಗೆ ಜೋಡಿಸುವುದು ಆ ಪ್ರೆಷರೇ. ಆಯಿಲ್ ಸರಿ ಇಲ್ಲದಿದ್ದರೆ ಇಂಜಿನ್ ಬದುಕಿದ್ದರೂ ಆ ಎರಡನೇ ದನಿ ಕೇಳುವುದಿಲ್ಲ.

ಇನ್ನು ಅಪ್‌ಗ್ರೇಡ್. ಚೇಂಬರಿನ ಒಳಗೆ ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ತಗಡು ವೆಲ್ಡ್ ಮಾಡಿಸಿದೆ. ಪಂಪಿನ ಬಾಯಿಯ ಸುತ್ತ ಪೆಟ್ಟಿಗೆಯಂತೆ ಕಟ್ಟಿ, ಒಳಕ್ಕೆ ಮಾತ್ರ ತೆರೆದುಕೊಳ್ಳುವ ಪುಟ್ಟ ಬಾಗಿಲುಗಳನ್ನು ಇಟ್ಟಿದ್ದೇವೆ. ಆಯಿಲ್ ಒಳಗೆ ಬರುತ್ತದೆ, ತಿರುವಿನಲ್ಲಿ ಹೊರಗೆ ಓಡುವುದಿಲ್ಲ. ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್, ದಪ್ಪ ರೇಡಿಯೇಟರ್. ಪ್ರೆಷರಿಗೊಂದು, ಟೆಂಪರೇಚರಿಗೊಂದು ಗೇಜ್. ಹೋಂಡಾ ಮ್ಯಾನ್ಯುಯಲ್ ಪ್ರಕಾರ ಆಯಿಲ್ 80 ಡಿಗ್ರಿ ಬಿಸಿ ಇದ್ದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇದ್ದಾಗ) ಪ್ರೆಷರ್ ಕನಿಷ್ಠ 10 ಪಿಎಸ್‌ಐ, ಮೂರು ಸಾವಿರ ಆರ್‌ಪಿಎಂನಲ್ಲಿ ಕನಿಷ್ಠ 50 ಪಿಎಸ್‌ಐ ಇರಬೇಕು. ಈಗ ಎರಡೂ ಅದಕ್ಕಿಂತ ಮೇಲೇ ಇವೆ. ಬ್ರೇಕಿಗೆ ಒಳ್ಳೆಯ ಪ್ಯಾಡ್, ಹೊಸ ಡಾಟ್ 4 ಫ್ಲೂಯಿಡ್. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಹೇಗೂ ಹಾಕಲೇಬೇಕಿತ್ತು. ಪವರಿಗೆ ಅಂತ ಮಾಡಿದ್ದು ಒಂದೇ, ನಾಲ್ಕು ಹೊಗೆ ಪೈಪು ಎರಡಾಗಿ ಆಮೇಲೆ ಒಂದಾಗುವ 4-2-1 ಹೆಡರ್.

ಮೊದಲ ಸ್ಟಾರ್ಟಿಗೆ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಫ್ಯೂಯಲ್ ಫ್ಯೂಸ್ ತೆಗೆದು, ಗೇಜಿನ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆದೆವು. ಆಮೇಲೆ ಪ್ಲಗ್ ಹಾಕಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹಿಡಿಯಿತು. ರನ್ನಿಂಗ್ ಇನ್ (ಹೊಸ ಭಾಗಗಳು ಹೊಂದಿಕೊಳ್ಳಲು ಓಡಿಸುವುದು) ಮಾಡಿದ್ದು ತುಮಕೂರು ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹಿಡಿಯದೆ, ಏರಿಸಿ ಇಳಿಸಿ, ಗೇರಿನಲ್ಲೇ ನಿಧಾನ ಮಾಡುತ್ತ. ಮೊದಲ ಆಯಿಲ್ ಬೇಗ ಬದಲಿಸಿ ಫಿಲ್ಟರ್ ಕತ್ತರಿಸಿ ನೋಡಿದೆ. ಮಡಿಕೆಗಳಲ್ಲಿ ಜೋಡಿಸುವಾಗ ಹಚ್ಚಿದ ಗ್ರೀಸಿನ ಕಪ್ಪು, ಒಂದೆರಡು ಸಣ್ಣ ಕಣ. ಎರಡನೇ ಫಿಲ್ಟರ್ ಸ್ವಚ್ಛ.

ಮೊನ್ನೆ ಮತ್ತೆ ಅದೇ ಟ್ರ್ಯಾಕಿಗೆ ಹೋಗಿದ್ದೆ. ಇಂಜಿನ್ ಹೋದ ತಿರುವಿನಲ್ಲಿ ಕಣ್ಣು ರಸ್ತೆ ಮೇಲಿಟ್ಟು, ಪಕ್ಕದಲ್ಲಿದ್ದ ತಮ್ಮನಿಗೆ ಗೇಜ್ ನೋಡಲು ಹೇಳಿದ್ದೆ. "ಮುಳ್ಳು ಅಲ್ಲಾಡಲಿಲ್ಲ ಅಣ್ಣಾ" ಅಂದ. ಲ್ಯಾಪ್ ಟೈಮ್ ಎಷ್ಟು ಅಂತ ನಾನು ಕೇಳಲೂ ಇಲ್ಲ.

ನಿನ್ನ ಕಾರು ಇನ್ನೂ ಚೆನ್ನಾಗಿ ಓಡುತ್ತಿದೆ, ಅದೇ ನಿನ್ನ ಅದೃಷ್ಟ. ಕರಿ ಟ್ರ್ಯಾಕ್ 2.1 ಕಿಲೋಮೀಟರ್ ಅಷ್ಟೇ, ಚಿಕ್ಕದು ಅಂತ ಸಲೀಸಾಗಿ ತಗೋಬೇಡ. ಹೋಗುವ ಮುಂಚೆ ಚೇಂಬರ್ ಇಳಿಸಿ ಬ್ಯಾಫಲ್ ಹಾಕಿಸು, ಪ್ರೆಷರ್ ಗೇಜ್ ಹಾಕಿಸು. ಹೆಡರಿಗೆ ಅಂತ ಎತ್ತಿಟ್ಟ ದುಡ್ಡು ಇದಕ್ಕೆ ಸಾಕು. ಬ್ಯಾಫಲ್ ಅಳತೆಯ ರಟ್ಟು ಕತ್ತರಿಸಿ ಇಟ್ಟಿದ್ದೇನೆ, ನಾಳೆ ಕೊರಿಯರ್ ಮಾಡುತ್ತೇನೆ. ಚೇಂಬರ್ ಇಳಿಸಿದ ದಿನ ತಳದ ಫೋಟೋ ತೆಗೆದು ಕಳಿಸು. ಹಳೇ ಫಿಲ್ಟರ್ ಬಿಸಾಡಬೇಡ, ಕತ್ತರಿಸಿ ಅದರದ್ದೂ ಕಳಿಸು.

ನಿನ್ನ,
ಸತೀಶ