ಹಿಂದೆ ನಿಂತು ಮಾಡೋ ಕೆಲಸ

ಪ್ರೀತಿಯ ಅಳಿಯ,

ನಿನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿದ್ದಳು. ಮಾತಿನ ನಡುವೆ ಎರಡು ಸಲ ಸುಮ್ಮನಾದಳು, ನನಗೆ ಅರ್ಥವಾಯಿತು. ಯಾರೋ ಏಜೆಂಟ್ ರಷ್ಯಾದಲ್ಲಿ ಸೆಕ್ಯೂರಿಟಿ ಹೆಲ್ಪರ್ ಕೆಲಸ ಕೊಡಿಸುತ್ತಾನಂತೆ, ತಿಂಗಳಿಗೆ ಲಕ್ಷದ ಮೇಲೆ ಸಂಬಳವಂತೆ, ನೀನು ಆಗಲೇ ಐವತ್ತು ಸಾವಿರ ಮುಂಗಡ ಕೊಟ್ಟಾಗಿದೆಯಂತೆ. "ಬಂದೂಕು ಹಿಡಿಯೋ ಕೆಲಸ ಅಲ್ಲವ್ವ, ಹಿಂದೆ ನಿಂತು ಸಾಮಾನು ಸಾಗಿಸೋದು ಅಷ್ಟೇ" ಅಂದೆಯಂತೆ. ಆ 'ಹಿಂದೆ' ಅನ್ನೋ ಮಾತೇ ನನ್ನ ನಿದ್ದೆ ಕೆಡಿಸಿದ್ದು. ಫೋನಿನಲ್ಲಿ ಹೇಳಿದರೆ ನೀನು 'ಹೂಂ ಮಾವ, ಹೂಂ ಮಾವ' ಅಂತ ಇಟ್ಟುಬಿಡುತ್ತೀಯ. ಅದಕ್ಕೇ ವಾಟ್ಸಾಪ್‌ನಲ್ಲಿ ಬರೆಯುತ್ತಿದ್ದೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡ.

ನಾನು ಸೇನೆಯ ಮಾರ್ಟರ್ ಪ್ಲಟೂನ್‌ನಲ್ಲಿ ಇದ್ದವನು. 81 ಎಂಎಂ ಮಾರ್ಟರ್, ಅಂದರೆ ಬಾಂಬನ್ನು ಎತ್ತರಕ್ಕೆ ಹಾರಿಸಿ ದೂರಕ್ಕೆ ಕೆಡವೋ ಕೊಳವೆ. ಅದರ ಅಡಿಯ ಬೇಸ್ ಪ್ಲೇಟ್ ಹೊತ್ತು ಹೊತ್ತು ಹಾಳಾದ ಸೊಂಟ ಇವತ್ತಿಗೂ ನೋಯುತ್ತದೆ. ನಮ್ಮ ಕಾಲದಲ್ಲಿ ಒಂದೊಂದೇ ಬಾಂಬನ್ನು ಕೈಯಿಂದ ಬ್ಯಾರೆಲ್‌ಗೆ ಬಿಡುತ್ತಿದ್ದೆವು. ಒಳ್ಳೆ ಕೈಚಳಕ ಇದ್ದ ತಂಡ, ಜೋರು ಮಾಡಿದರೆ, ನಿಮಿಷಕ್ಕೆ ಹದಿನೈದು ಇಪ್ಪತ್ತು ಹಾರಿಸುತ್ತಿತ್ತು. ಅದೂ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಬ್ಯಾರೆಲ್ ಕಾಯುತ್ತದೆ, ಕೈ ಸೋಲುತ್ತದೆ. ಬಾಂಬ್ ಮೇಲಕ್ಕೆ ಹೋಗಿ ಕೆಳಗೆ ಬರೋಕೆ ಸಮಯ ಬೇಕು, ದೂರ ಜಾಸ್ತಿ ಇದ್ದರೆ ಇಪ್ಪತ್ತು ಸೆಕೆಂಡಿಗೂ ಮೇಲೆ. ಆ ಕಡೆ ಇದ್ದವನ ಕಿವಿ ಚುರುಕಿದ್ದರೆ ದೂರದ 'ಠಪ್' ಕೇಳಿಸಿಕೊಂಡು ಮೋರ್ಚಾದೊಳಗೆ, ಅಂದರೆ ಅಡಗೋ ಗುಂಡಿಯೊಳಗೆ, ಹಾರುತ್ತಿದ್ದ. ಮೊದಲ ಬಾಂಬ್ ಸರಿಯಾದ ಜಾಗಕ್ಕೆ ಬೀಳುತ್ತಲೂ ಇರಲಿಲ್ಲ ಅನ್ನು. ಓಪಿಯಲ್ಲಿ, ಅಂದರೆ ಮುಂದಿನ ವೀಕ್ಷಣಾ ಠಾಣೆಯಲ್ಲಿ, ಕೂತವನು ನೋಡಿ, ಇಷ್ಟು ಬಲಕ್ಕೆ, ಇಷ್ಟು ಮುಂದಕ್ಕೆ ಅಂತ ವೈರ್‌ಲೆಸ್‌ನಲ್ಲಿ ಹೇಳಬೇಕಿತ್ತು. ಜೀವ ಉಳಿಯುತ್ತಿದ್ದುದೇ ಈ ಸಣ್ಣ ಸಂದಿಯಲ್ಲಿ.

ಈಗ ಆ ಸಂದಿ ಮುಚ್ಚಿಹೋಗಿದೆ. ರಷ್ಯಾ-ಯುಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರ ಹತ್ತಿರ ವಾಸಿಲ್ಯೋಕ್ ಅನ್ನೋ ಮಾರ್ಟರ್ ಇದೆ. ಸೋವಿಯತ್ ಕಾಲದ್ದು, 82 ಎಂಎಂ, 1970ರ ಸುಮಾರಿಗೆ ಸೇನೆಗೆ ಬಂದದ್ದು. ನಾಲ್ಕು ಬಾಂಬಿನ ಒಂದು ಕ್ಲಿಪ್ ಹಾಕಿದರೆ ಎರಡು ಸೆಕೆಂಡ್ ಆಗೋದರೊಳಗೆ ನಾಲ್ಕೂ ಹೊರಗೆ. ನಾಲ್ಕು ಕಿಲೋಮೀಟರ್ ದಾಟಿ ಹೋಗುತ್ತವೆ. ವಾಸಿಲ್ಯೋಕ್ ಅಂದರೆ ಅವರ ಭಾಷೆಯಲ್ಲಿ ಹೊಲದಲ್ಲಿ ಬೆಳೆಯೋ ಒಂದು ನೀಲಿ ಹೂವು. 240 ಎಂಎಂನ ಇನ್ನೊಂದು ರಾಕ್ಷಸ ಮಾರ್ಟರ್‌ಗೆ ಟುಲಿಪ್ ಅಂತ ಹೆಸರಿಟ್ಟಿದ್ದಾರೆ. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಇರಲಿ, ಮೊದಲನೆಯದು ಬಿದ್ದ ಮೇಲೆ ಓಡಿ ಗುಂಡಿಗೆ ಬೀಳೋಣ ಅನ್ನೋಷ್ಟರಲ್ಲಿ ಉಳಿದ ಮೂರೂ ಬಿದ್ದಾಗಿರುತ್ತದೆ. ಓಪಿಯಲ್ಲಿ ಮನುಷ್ಯನೂ ಬೇಕಿಲ್ಲ, ಮದುವೆ ವಿಡಿಯೋ ತೆಗೆಯೋ ಅಂಥದ್ದೇ ಒಂದು ಡ್ರೋನ್ ಮೇಲೆ ನಿಂತು ಬಾಂಬ್ ಎಲ್ಲಿ ಬಿತ್ತು ಅಂತ ತೋರಿಸುತ್ತದೆ.

ಆದರೂ ಮಾರ್ಟರ್ ಪರವಾಗಿಲ್ಲ ಕಣೋ, ಅದಕ್ಕೆ ನೀನು ಯಾರು ಅಂತ ಗೊತ್ತಿರುವುದಿಲ್ಲ. ಡ್ರೋನ್ ಹಾಗಲ್ಲ. 2016-17ರಲ್ಲಿ ಇರಾಕಿನ ಮೊಸುಲ್‌ನಲ್ಲಿ ಐಸಿಸ್‌ನವರು ಅಂಗಡಿಯಲ್ಲಿ ಸಿಗೋ ಡ್ರೋನ್‌ಗೆ ಗ್ರೆನೇಡ್ ಕಟ್ಟಿ ಕೆಳಗೆ ಬಿಡುತ್ತಿದ್ದಾಗ, ಇದೇನು ಮಕ್ಕಳಾಟ ಅಂತ ನಾವು ಮಾಜಿ ಸೈನಿಕರು ಕೂತು ನಕ್ಕಿದ್ದೆವು. ನಕ್ಕಿದ್ದು ತಪ್ಪಾಯಿತು. ಈಗ ಎಫ್‌ಪಿವಿ ಅಂತ ಬಂದಿದೆ, ರೇಸ್ ಆಡೋ ಡ್ರೋನ್‌ಗೆ ಸ್ಫೋಟಕ ಕಟ್ಟಿರುತ್ತಾರೆ, ಹಾರಿಸೋನು ಕಿಲೋಮೀಟರ್‌ಗಟ್ಟಲೆ ದೂರ ನೆಲಮಾಳಿಗೆಯಲ್ಲಿ ಕಣ್ಣಿಗೆ ಗಾಗಲ್ ಹಾಕಿ ಕೂತಿರುತ್ತಾನೆ. ಅವನಿಗೆ ನಿನ್ನ ಮುಖ ಕಾಣುತ್ತದೆ. ನೀನು ಓಡಿದರೆ ಅದೂ ಓಡಿ ಬರುತ್ತದೆ, ಬಾಗಿಲಿದ್ದರೆ ಬಾಗಿಲಲ್ಲೇ ನುಗ್ಗುತ್ತದೆ. ಬೆಲೆ ನಿನ್ನ ಕೈಯಲ್ಲಿರೋ ಮೊಬೈಲಿನಷ್ಟು. ಸಿಗ್ನಲ್ ಕೆಡಿಸೋ ಜಾಮರ್ ಇದೆಯಲ್ಲ ಅನ್ನುತ್ತೀಯ, ಅದಕ್ಕೂ ಉಪಾಯ ಮಾಡಿದ್ದಾರೆ: ಕೂದಲೆಳೆಯಂಥ ಗಾಜಿನ ತಂತಿ, ಆಪ್ಟಿಕಲ್ ಫೈಬರ್, ಗಾಳಿಪಟದ ದಾರದ ಹಾಗೆ ಹಿಂದೆ ಬಿಚ್ಚಿಕೊಳ್ಳುತ್ತಾ ಹತ್ತು ಕಿಲೋಮೀಟರ್ ಆಚೆಗೂ ಹೋಗುತ್ತದೆ. ತೊಗರಿಗೆ ಔಷಧಿ ಹೊಡೆಯೋಕೆ ನಮ್ಮೂರಿಗೆ ಬರುತ್ತದಲ್ಲ, ಆ ಜಾತಿಯ ದೊಡ್ಡ ಡ್ರೋನ್ ಅಲ್ಲಿ ರಾತ್ರಿ ಬಂದು ಮೈನ್ ಕೆಡವುತ್ತದೆ. ರಷ್ಯಾದ ಸೈನಿಕರು ಅದನ್ನು ಬಾಬಾ ಯಾಗಾ ಅನ್ನುತ್ತಾರೆ, ಅವರ ಅಜ್ಜಿಕಥೆಯ ಮಾಟಗಾತಿ. ಕತ್ತಲಲ್ಲಿ ಅಡಗೋಣ ಅಂದರೆ ಮೈಯ ಬಿಸಿ ಕಾಣೋ ಕ್ಯಾಮೆರಾ ಇರುತ್ತದೆ.

ಈಗ ನಿನ್ನ 'ಹಿಂದೆ'ಗೆ ಬರೋಣ. ನಮ್ಮ ಕಾಲದಲ್ಲಿ ಲಂಗರ್‌ನಲ್ಲಿ ಅಡುಗೆ ಮಾಡೋನು, ಕುದುರೆ ಹೊಡೆಯೋನು, ರೇಷನ್ ತರೋನು ಒಂದು ಗುಡ್ಡ ಹಿಂದಿದ್ದರೆ ಹೆಚ್ಚೂ ಕಡಿಮೆ ನಿಶ್ಚಿಂತೆ. ಈಗ ಸಾವಿನ ಕೆಲಸ ಅವರದೇ. ಮೋರ್ಚಾದೊಳಗೆ ಕೂತವನನ್ನು ಹುಡುಕಬೇಕು, ನೀರಿನ ಕ್ಯಾನ್ ಹೊತ್ತು ಬಯಲಲ್ಲಿ ನಡೆಯೋನನ್ನು ಹುಡುಕಬೇಕಾ? ಬಾಂಬ್ ಪೆಟ್ಟಿಗೆ ಇಳಿಸೋನು, ಗುಂಡಿ ತೋಡೋನು, ಗಾಯಾಳುವನ್ನು ಎತ್ತಿಕೊಂಡು ಬರೋನು, ಇವರೆಲ್ಲ ಆಕಾಶದ ಕಣ್ಣಿಗೆ ಬಿಚ್ಚಿಟ್ಟ ಹಾಗೆ. ನಿನ್ನ ಏಜೆಂಟ್ ಇದಕ್ಕೇ ಹೆಲ್ಪರ್ ಅನ್ನೋದು. ಇನ್ನೂ ದೂರದ ಹಿಂದೆ ಬೇಕಾ? 2025ರ ಜೂನ್ 1ರಂದು ಯುಕ್ರೇನ್‌ನವರು ಲಾರಿಗಳ ಮೇಲೆ ಮರದ ಗೂಡುಗಳಲ್ಲಿ ಬಚ್ಚಿಟ್ಟಿದ್ದ ಡ್ರೋನ್‌ಗಳನ್ನು ರಷ್ಯಾದೊಳಗಿಂದಲೇ ಹಾರಿಸಿದರು, 117 ಡ್ರೋನ್. ಗಡಿಯಿಂದ ನಾಲ್ಕು ಸಾವಿರ ಕಿಲೋಮೀಟರ್‌ಗೂ ದೂರದ ಬೆಲಾಯಾ ವಾಯುನೆಲೆಯಲ್ಲಿ ನಿಂತಿದ್ದ ವಿಮಾನಗಳು ಸುಟ್ಟವು.

ಇದು ಬರೀ ಟಿವಿ ಸುದ್ದಿ ಅಂದುಕೊಳ್ಳಬೇಡ. 2023ರ ಕೊನೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಹುಡುಗರೇ ಇದೇ ಆಸೆಗೆ ಹೋಗಿ ಸಿಕ್ಕಿಬಿದ್ದರು. ಕೆಲಸ ಅಂದದ್ದು ಸೆಕ್ಯೂರಿಟಿ, ಸಹಿ ಹಾಕಿಸಿಕೊಂಡದ್ದು ರಷ್ಯನ್ ಭಾಷೆಯ ಕಾಗದಕ್ಕೆ, ಕಳಿಸಿದ್ದು ಯುದ್ಧದ ಸಾಲಿಗೆ. ಅವರ ಜೊತೆಗಿದ್ದ ಸೂರತ್‌ನ 23 ವರ್ಷದ ಹುಡುಗ 2024ರ ಫೆಬ್ರುವರಿ 21ರಂದು ಯುಕ್ರೇನಿನ ಡೊನೆಟ್ಸ್ಕ್ ಕಡೆ ಡ್ರೋನ್ ದಾಳಿಗೆ ಸತ್ತ. ಅವನೂ ಹೆಲ್ಪರ್ ಅಂತಲೇ ಹೋದವನು. ನಮ್ಮವರು ವಾಪಸ್ ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಅದೂ ದೆಹಲಿಯಿಂದ ಮಾಸ್ಕೋವರೆಗೆ ಮಾತುಕತೆ ಆದಮೇಲೆ. 2025ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕ ನೋಡು: ರಷ್ಯಾ ಸೇನೆ ಸೇರಿದ್ದ 126 ಭಾರತೀಯರಲ್ಲಿ 12 ಜನ ಸತ್ತಿದ್ದಾರೆ, 16 ಜನ ಎಲ್ಲಿದ್ದಾರೆ ಅಂತ ರಷ್ಯಾಕ್ಕೇ ಗೊತ್ತಿಲ್ಲ. ಎಲ್ಲಿದ್ದಾನೆ ಅಂತ ಗೊತ್ತಿಲ್ಲ ಅನ್ನೋ ಮಾತನ್ನು ನಿಮ್ಮವ್ವನಿಗೆ ನಾನು ಯಾವ ಬಾಯಲ್ಲಿ ಹೇಳಲಿ?

ನಿನಗೆ ಸಾಲ ಇದೆ, ಗೊತ್ತು. ತಂಗಿ ಮದುವೆಯದ್ದೇ ಇನ್ನೂ ತೀರಿಲ್ಲ. ಅದಕ್ಕೆ ನಾಚಿಕೆ ಪಡಬೇಡ, ನನ್ನ ಪಿಂಚಣಿಯಲ್ಲಿ ಎಷ್ಟು ಆಗುತ್ತದೋ ಕೂತು ಲೆಕ್ಕ ಹಾಕೋಣ. ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ, ಅಂದರೆ ಹೊರದೇಶದ ಕೆಲಸಕ್ಕೆ ಕಳಿಸೋ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ, ಇದೆಯಾ ಅಂತ ಕೇಳು, ಅವನ ಮುಖದ ಬಣ್ಣ ನೋಡು. ಪಾಸ್‌ಪೋರ್ಟ್ ಇನ್ನೂ ಅವನಿಗೆ ಕೊಟ್ಟಿಲ್ಲ ತಾನೆ? ಕೊಡಬೇಡ. ಐವತ್ತು ಸಾವಿರ ಹೋದರೆ ಹೋಗಲಿ, ವಾಪಸ್ ಕೇಳೋಕೆ ನಾನೇ ಜೊತೆಗೆ ಬರುತ್ತೇನೆ, ಈ ಸೊಂಟ ಇಟ್ಟುಕೊಂಡೇ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬಾ. ಅವನು ಕೊಟ್ಟ ಕಾಗದ ಎಲ್ಲಾ ತಗೊಂಡು ಬಾ. ನಿಮ್ಮತ್ತೆ ರೊಟ್ಟಿ, ಪುಂಡಿಪಲ್ಯ ಮಾಡುತ್ತೇನೆ ಅಂದಿದ್ದಾಳೆ.

ನಿನ್ನ ಮಾವ