ಸಂಜೆಮಲ್ಲಿಗೆ ಬೀಜದಿಂದ ಶುರು ಮಾಡು

ಪ್ರಿಯ ಗೆಳೆಯಾ,

ಪಕ್ಕದ ಮನೆಯವರ ಭಾಷೆ ನಿನಗೆ ಬಾರದು, ನಿನ್ನದು ಅವರಿಗೆ ಬಾರದು, ಗೇಟಿನ ಹತ್ತಿರ ನಕ್ಕು ಒಳಗೆ ಹೋಗುವುದಕ್ಕೇ ಪರಿಚಯ ನಿಂತಿದೆ ಅಂತ ಬರೆದಿದ್ದೀಯ. ಅವರಿಗೆ ಸಂಜೆಮಲ್ಲಿಗೆ ಬೀಜ ಕೊಡು. ಹೂಗುಚ್ಛ ಬೇಡ. ಅದು ನಾಲ್ಕು ದಿನಕ್ಕೆ ಬಾಡುತ್ತದೆ, ಜತೆಗೆ ಅದರ ಲೆಕ್ಕವೂ ದೇಶಕ್ಕೊಂದು: ರಷ್ಯಾದವರಿಗೆ ಸಮಸಂಖ್ಯೆಯ ಹೂ ಎಂದರೆ ಸಾವಿನ ಮನೆಯದು, ಫ್ರಾನ್ಸ್, ಇಟಲಿಯವರಿಗೆ ಸೇವಂತಿಗೆ ಗೋರಿಯ ಮೇಲಿಡುವ ಹೂ. ಬೀಜವಾದರೆ ‘ಮೊಳೆಯಿತಾ?’ ಎಂದು ಮತ್ತೆ ವಿಚಾರಿಸಲು ನೆಪವೂ ಸಿಗುತ್ತದೆ.

ಹೆಸರಿಗೆ ಮಲ್ಲಿಗೆ, ಮಲ್ಲಿಗೆಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಟ್ಟೂರು ಅಮೆರಿಕ ಖಂಡದ ಉಷ್ಣವಲಯ. ಹಲವೆಡೆ ಜನ ಇದು ಅರಳುವ ಹೊತ್ತು ನೋಡಿಯೇ ಹೆಸರಿಟ್ಟಿದ್ದಾರೆ: ಇಂಗ್ಲಿಷಿನಲ್ಲಿ ‘ಫೋರ್ ಓ ಕ್ಲಾಕ್’, ಮಲಯಾಳದಲ್ಲಿ ‘ನಾಲುಮಣಿ ಪೂವು’, ಇಂಡೊನೇಷ್ಯಾದಲ್ಲಿ ‘ಬುಂಗಾ ಪುಕುಲ್ ಎಂಪಟ್’. ಮೂರರಲ್ಲೂ ನಾಲ್ಕು ಗಂಟೆಯೇ! ಬಂಗಾಳಿಯಲ್ಲಿ ‘ಸಂಧ್ಯಾಮಾಲತಿ’. ಅರಳಿದ ಹೂ ತೋರಿಸಿ, ನಿಮ್ಮಲ್ಲಿ ಇದಕ್ಕೇನನ್ನುತ್ತೀರಿ ಎಂದು ಕೈಸನ್ನೆಯಲ್ಲೇ ಕೇಳು. ಬೀಜದ ಜತೆಗಿಡುವ ಚೀಟಿಯಲ್ಲಿ ಮಾತ್ರ ‘ಮಿರಾಬಿಲಿಸ್ ಜಲಪಾ’ (Mirabilis jalapa) ಎಂಬ ಶಾಸ್ತ್ರೀಯ ಹೆಸರು ಬರೆ, ಯಾವ ನಾಡಿನವರಾದರೂ ಹುಡುಕಿಕೊಳ್ಳುತ್ತಾರೆ.

ಒಂದು ಹೂವಿಗೆ ಒಂದೇ ಬೀಜ. ಹಸಿರಿದ್ದಾಗ ಕೀಳಬೇಡ. ಕಪ್ಪಾಗಿ, ಮುಟ್ಟಿದರೆ ಉದುರುವಂತಾದಾಗ ಆರಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ ಕಾಗದದ ಕವರಿಗೆ ಹಾಕು. ಪ್ಲಾಸ್ಟಿಕ್ಕಿನಲ್ಲಿ ಉಳಿದ ತೇವ ಬೂಸ್ಟು ತರುತ್ತದೆ. ನೋಡಲು ಥೇಟ್ ಕಾಳುಮೆಣಸು, ಆದರೆ ವಿಷ. ಮಕ್ಕಳಿರುವ ಮನೆಗೆ ಕೊಡುವಾಗ ಇದನ್ನು ಹೇಳದೆ ಬರಬೇಡ. ಕೊಡುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡು. ಎರಡು ವಾರದಲ್ಲಿ ಆರಾದರೂ ಮೊಳೆಯದಿದ್ದರೆ ಹೊಸ ಬೀಜ ಹುಡುಕು.

ಬಿತ್ತುವ ಹಿಂದಿನ ರಾತ್ರಿ ನೆನೆಸಿ, ಒಂದು ಸೆಂಟಿಮೀಟರ್ ಆಳಕ್ಕೆ, ಗಿಡದಿಂದ ಗಿಡಕ್ಕೆ 40 ಸೆಂಟಿಮೀಟರ್ ಬಿಟ್ಟು ಊರಬೇಕು. ಬೇರು ಗೆಡ್ಡೆ ಕಟ್ಟುವುದರಿಂದ ಕುಂಡ 30 ಸೆಂಟಿಮೀಟರಾದರೂ ಆಳವಿರಲಿ, ತಳದಲ್ಲಿ ತೂತು ಇರಲೇಬೇಕು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಗೊಬ್ಬರ ಹೆಚ್ಚಾದರೆ ಬರೀ ಸೊಪ್ಪು.

ಮನಸ್ತಾಪ ಹುಟ್ಟುವುದು ಗಿಡ ಸತ್ತಾಗಲ್ಲ, ಹೇಳದೆ ಬಿಟ್ಟ ವಿಷಯದಿಂದ. ಮಧ್ಯಾಹ್ನ ಮುದುಡಿದ ಹೂ ನೋಡಿ ಗಿಡಕ್ಕೆ ರೋಗ ಎಂದುಕೊಳ್ಳುತ್ತಾರೆ. ಕೆಂಪು ಹೂವಿನ ಬೀಜ ಎಂದು ಕೊಟ್ಟದ್ದು ಗುಲಾಬಿ ಬಣ್ಣ ಬಿಟ್ಟರೆ ಮೋಸ ಎನಿಸುತ್ತದೆ. ಕೆಂಪು, ಬಿಳಿ ಬೆರೆತರೆ ಇದರಲ್ಲಿ ಗುಲಾಬಿಯೇ ಹುಟ್ಟುವುದು. ಬಿದ್ದ ಬೀಜವೆಲ್ಲ ಮುಂದಿನ ವರ್ಷ ಮೊಳೆತು ಪಾತಿ ತುಂಬುತ್ತದೆ, ಅದನ್ನೂ ಮೊದಲೇ ಹೇಳು.

ಅವರು ತಿರುಗಿ ಏನಾದರೂ ಕೊಟ್ಟರೆ ಬೇಡವೆನ್ನಬೇಡ. ದಾಸವಾಳದ ಕಡ್ಡಿಯಾದರೆ 15 ಸೆಂಟಿಮೀಟರಿಗೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಮರಳು ಬೆರೆಸಿದ ಮಣ್ಣಲ್ಲಿ ನೆರಳಿಗಿಡು. ಬೇರು ಬಂತಾ ಎಂದು ಪದೇಪದೇ ಕಿತ್ತು ನೋಡುವ ನಿನ್ನ ಚಾಳಿ ಬಿಡು, ಒಂದು ತಿಂಗಳಾದರೂ ಬೇಕು. ಅವರ ಮನೆಯಲ್ಲಿ ಬೆಕ್ಕಿದ್ದರೆ ಲಿಲಿ ಮಾತ್ರ ಕೊಡಬೇಡ, ಅದರ ಪರಾಗವೂ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತದೆ.

ದೂರದೇಶದ ಗೆಳೆಯರಿಗೆ ಬೀಜವನ್ನು ಲಕೋಟೆಯಲ್ಲಿ ಸುಮ್ಮನೆ ತುರುಕಿ ಕಳಿಸಬೇಡ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವ ಬೀಜಕ್ಕೆ 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನಿಯಮ ಕಿರಿಕಿರಿಯೇ, ಆದರೆ ಈಗ ಕಳೆಯಾಗಿ ಹಬ್ಬಿರುವ ಲಂಟಾನ, ಅಂತರಗಂಗೆ ಖಂಡ ದಾಟಿದ್ದೂ ಚಂದದ ಹೂಗಿಡ ಎಂದೇ. ದೂರದ ಗೆಳೆಯರಿಗೆ ಹೂವಿನ ಫೋಟೊ ಕಳಿಸು, ಬೀಜ ಅವರ ಊರಲ್ಲೇ ಸಿಗುತ್ತದೆ.

ಬೀಜ ಬಲಿತಾಗ ನನಗೂ ನಾಲ್ಕು ತೆಗೆದಿಡು. ಬಿಳಿ ಹೂವಿನ ಗಿಡದ್ದು. ಯಾವ ಬಣ್ಣ ಬರುತ್ತದೋ ನೋಡೋಣ.

ನಿನ್ನ ಗೆಳೆಯ