ಪ್ಯಾಡ್ ತಪ್ಪಿದ್ದು ನಿಮ್ಮಲ್ಲಿ, ಬಿಸಿಲಿನ ಮೇಲೆ ಹಾಕಬೇಡಿ

ಗೆ,
ವ್ಯವಸ್ಥಾಪಕರು,
ಬಳ್ಳಾರಿ ಶಾಖೆ

ವಿಷಯ: ಅಪ್ಪನ ಬಲಗಾಲಿನ ಎಂಸಿಆರ್ ಚಪ್ಪಲಿ (ಶುಗರ್ ಇರುವವರ ಕಾಲಿಗೆ ಮಾಡುವ ಮೆತ್ತನೆ ರಬ್ಬರಿನ ಚಪ್ಪಲಿ) ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ಡಾಕ್ಟರ್ ಚೀಟಿ ತೋರಿಸಿ ಮಾರ್ಚ್‌ನಲ್ಲಿ ನಿಮ್ಮಲ್ಲಿ ಅಪ್ಪನಿಗೆ ಎಂಸಿಆರ್ ಚಪ್ಪಲಿ ಮಾಡಿಸಿದೆವು. 4,800 ರೂಪಾಯಿ. ಸಿಂಧನೂರಿನಿಂದ ಸಿರುಗುಪ್ಪ ದಾಟಿ ಅಳತೆಗೆ ಒಂದು ಸಲ, ಚಪ್ಪಲಿ ತರಲು ಒಂದು ಸಲ, ದೂರು ಹೇಳಲು ಮೂರನೇ ಸಲ ಬಸ್ಸು ಹತ್ತಿದೆವು. ಮೂರನೇ ಸಲ ನಿಮ್ಮ ಹುಡುಗ ಚಪ್ಪಲಿ ತಿರುವಿ ನೋಡಿ, "ಬಿಸಿಲಾಗ ಇಟ್ಟೀರಿ, ಅದಕ್ಕ ಹಿಂಗಾಗೇತಿ" ಅಂದು ಕೈತೊಳೆದುಕೊಂಡ.

ಬಿಸಿಲಲ್ಲಿ ಇಟ್ಟಿದ್ದು ನಿಜ. ಕಾಲುವೆ ಬದುವಿನ ಎರೆಮಣ್ಣು ಮೆತ್ತಿತ್ತು ಅಂತ ಅವ್ವ ಎರಡೂ ಚಪ್ಪಲಿ ತೊಳೆದು ಅರ್ಧ ಗಂಟೆ ಮಾಳಿಗೆ ಮೇಲೆ ಒಣಹಾಕಿದ್ದಳು. ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಒಳಹಾಸಿನ ಅಂಚು ಅಂಟು ಬಿಟ್ಟಿತು. ಅದು ನಮ್ಮದೇ ತಪ್ಪು, ಅಂಟಿಸುವ ಖರ್ಚು ಕೊಡುತ್ತೇವೆ. ನನ್ನ ದೂರು ಒಳಗಿನ ಪ್ಯಾಡಿನದ್ದು, ಅಂದರೆ ಅಂಗಾಲಿನ ಭಾರ ಹಂಚಲು ಒಳಹಾಸಿನಲ್ಲಿ ಕೂರಿಸಿದ ಮೆತ್ತೆಯದ್ದು.

ಅಪ್ಪನಿಗೆ ಹದಿನಾಲ್ಕು ವರ್ಷದಿಂದ ಶುಗರ್. ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಡಾಕ್ಟರ್ ಹೇಳಿದಂತೆ ಮೊದಲ ದಿನ ಒಂದೇ ಗಂಟೆ ಹಾಕಿಸಿದೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದೆ. ಬಿಚ್ಚಿದ ಮೇಲೆ ದಿನಾ ಅಂಗಾಲು ನೋಡುತ್ತಿದ್ದೆ. ಮೂರನೇ ದಿನ ಬಲಗಾಲಿನ ಎರಡನೇ ಬೆರಳಿನ ಬುಡದಲ್ಲಿ ನಾಲ್ಕಾಣೆಯಷ್ಟು ಕೆಂಪು. ಅರ್ಧ ಗಂಟೆಯಾದರೂ ಹೋಗಲಿಲ್ಲ. "ನೋವೇ ಇಲ್ಲ ಬಿಡವ್ವ" ಅಂದರು ಅಪ್ಪ. ನೋವು ಗೊತ್ತಾಗುವ ಕಾಲಾಗಿದ್ದರೆ ಈ ಚಪ್ಪಲಿಯೇ ಬೇಕಿರಲಿಲ್ಲ, ಅಲ್ವಾ?

ಅವತ್ತೇ ನಿಮಗೆ ಫೋನ್ ಮಾಡಿದೆ. "ಹೊಸ ಚಪ್ಪಲಿ ಕಚ್ಚುತ್ತೆ, ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂದರು. ಕಚ್ಚಿದ್ದು ಗೊತ್ತಾಗದ ಕಾಲಿಗೆ ಹೇಳುವ ಮಾತೇ ಇದು? ಅದನ್ನು ನಂಬಿ ಇನ್ನೊಂದು ವಾರ ಹಾಕಿಸಿದ್ದು ನನ್ನ ದಡ್ಡತನ. ಚರ್ಮ ಗಟ್ಟಿಯಾಗಿ ಒಳಗೆ ನೀರು ತುಂಬಿತು. ಡಾಕ್ಟರ್ ನೋಡಿ ಚಪ್ಪಲಿ ನಿಲ್ಲಿಸಿದರು. ಹುಣ್ಣಾಗಲಿಲ್ಲ, ಅಷ್ಟೇ ಪುಣ್ಯ.

ಆಮೇಲೆ ನಾನೇ ನೋಡಿದೆ. ಅಪ್ಪನ ಕಾಲು ಒದ್ದೆ ಮಾಡಿ ಹಳೆ ಪೇಪರ್ ಮೇಲೆ ನಿಲ್ಲಿಸಿದೆ. ಗುರುತು ಆರುವ ಮೊದಲು ಪೆನ್ನಿನಲ್ಲಿ ಗೆರೆ ಎಳೆದು, ಕತ್ತರಿಸಿ, ಒಳಹಾಸಿನ ಮೇಲಿಟ್ಟೆ. ಎಡಗಾಲಿನ ಪ್ಯಾಡ್ ಬೆರಳ ಬುಡದ ಉಬ್ಬಿನ ಹಿಂದೆ ಕೂತಿದೆ. ಹಾಗೆ ಕೂತರೇ ಉಬ್ಬಿನ ಮೇಲಿನ ಭಾರ ಹಿಂದಕ್ಕೆ ಹಂಚಿಹೋಗುವುದು. ಬಲಗಾಲಿನದು ಒಂದು ಬೆರಳಗಲ ಮುಂದೆ, ನೇರ ಉಬ್ಬಿನ ಕೆಳಗೇ ಇದೆ. ಭಾರ ಇಳಿಸಬೇಕಾದ ಜಾಗದಲ್ಲೇ ನೀವು ಭಾರ ಏರಿಸಿದ್ದೀರಿ. ಎರಡೂ ಚಪ್ಪಲಿ ಒಣಗಿದ್ದು ಒಂದೇ ಬಿಸಿಲಲ್ಲಿ. ಕೆಂಪು ಗುರುತಿನ ಫೋಟೊ ತೊಳೆಯುವುದಕ್ಕೂ ಮೊದಲಿನದು, ತಾರೀಕು ನೋಡಿ.

ಇನ್ನು ನೀವು ಕೊಟ್ಟ ಕಾಗದ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ, ಹಾಕುವ ಮುಂಚೆ ಕೊಡವಿ ಒಳಗೆ ಕೈ ಆಡಿಸಿ ನೋಡಿ ಅಂತ ಕನ್ನಡದಲ್ಲಿ ನಾಲ್ಕು ಸಾಲು ಇದ್ದಿದ್ದರೆ ಅವ್ವ ಮಾಳಿಗೆ ಹತ್ತುತ್ತಿರಲಿಲ್ಲ. ಮನೆಯೊಳಗೂ ಹಾಕಬೇಕು ಅಂತ ನಮಗೆ ತಿಳಿದದ್ದೇ ಡಾಕ್ಟರಿಂದ. ಅಡುಗೆಮನೆ ಹೊಸ್ತಿಲಲ್ಲಿ ಅದಕ್ಕೊಂದು ದೊಡ್ಡ ಜಗಳವೇ ಆಯಿತು, ಅದು ಬಿಡಿ.

ಹೊಸ ಅಳತೆ ತಗೊಂಡು ಬಲಗಾಲಿನದ್ದನ್ನು ಖರ್ಚಿಲ್ಲದೆ ಹದಿನೈದು ದಿನದೊಳಗೆ ಮಾಡಿಕೊಡಿ, ಇಲ್ಲದಿದ್ದರೆ ದುಡ್ಡು ವಾಪಸ್ ಕೊಡಿ. ಎರಡೂ ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹಾಗಾಗಿ ರಾಯಚೂರಿನ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಳ್ಳಾರಿಗೆ ನಾಲ್ಕನೇ ಸಲ ಅಪ್ಪನನ್ನು ಕರೆತರುವುದಿಲ್ಲ. ನಿಮ್ಮವರೇ ಮನೆಗೆ ಬರಲಿ, ಸಂಜೆ ಹೊತ್ತು ಬರಲಿ. ಸಂಜೆಗೆ ಅಪ್ಪನ ಕಾಲು ಸ್ವಲ್ಪ ಊದಿರುತ್ತೆ, ಆ ಅಳತೆಯೇ ಬೇಕು.

ಬಿಲ್ಲು, ಡಾಕ್ಟರ್ ಚೀಟಿ, ಮೂರು ಫೋಟೊ ಇದರ ಜೊತೆ ಇವೆ. ಕತ್ತರಿಸಿದ ಪೇಪರ್ ನನ್ನ ಹತ್ತಿರವೇ ಇದೆ.

ಇಂತಿ,
ನಿಮ್ಮ ಗ್ರಾಹಕರ ಮಗಳು
ಸಿಂಧನೂರು